ಅಡ್ಡರಸ್ತೆಯ ತಿರುವಿನ ಚಪ್ಪಡಿ

ಮಂಗಳೂರಿನ ಉರ್ವದಿಂದ ಸುಲ್ತಾನ್ ಬತ್ತೇರಿಯ ಕಡೆಗೆ ಇಳಿಯುವ ಭಾಗದಲ್ಲಿ, ಎರಡು ರಿಕ್ಷಾಗಳು ಎದುರಾದರೆ ಒಂದು ಹಿಂದೆ ಸರಿಯಲೇಬೇಕಾದಷ್ಟು ಅಗಲದ ಅಡ್ಡರಸ್ತೆಯೊಂದರಲ್ಲಿ ನಾನು 23 ವರ್ಷಗಳಿಂದ ವಾಸವಾಗಿದ್ದೇನೆ. ಪಶ್ಚಿಮಕ್ಕೆ ಸ್ವಲ್ಪ ದೂರ ನಡೆದರೆ ಫಲ್ಗುಣಿ ನದಿ ಸಿಗುತ್ತದೆ. ನದಿಯ ಆಚೆ ತಣ್ಣೀರುಬಾವಿ, ಅದರಾಚೆ ಕಡಲು. ರಸ್ತೆಯ ಒಂದು ಬದಿಗೆ ಚರಂಡಿ ಇದೆ. ಅದರ ಮೇಲೆ ಹಾಸಿದ ಕಾಂಕ್ರೀಟು ಚಪ್ಪಡಿಗಳೇ ನಮ್ಮ ಪಾದಚಾರಿ ಮಾರ್ಗ. ಕಳೆದ ವರ್ಷದ ಮಾರ್ಚಿನಲ್ಲಿ, ಮೂಲೆಯ ಹಳೆಯ ಮನೆಯನ್ನು ಕೆಡವಿ ವಸತಿ ಸಮುಚ್ಚಯ ಕಟ್ಟುವುದಕ್ಕೆ ಜಲ್ಲಿ ತಂದ ಟಿಪ್ಪರೊಂದು ಹಿಂದಕ್ಕೆ ಬರುವಾಗ ಅದರ ಗಾಲಿ ತಿರುವಿನ ಚಪ್ಪಡಿಯ ಮೇಲೆ ಹತ್ತಿತು. ಚಪ್ಪಡಿ ಮಧ್ಯದಲ್ಲಿ ಮುರಿದು, ತುಕ್ಕು ಹಿಡಿದ ಎರಡು ಸರಳುಗಳು ಹೊರಗೆ ಚಾಚಿಕೊಂಡವು.

ಮೊದಲ ದಿನ ಯಾರೋ ಒಂದು ಗೊಬ್ಬರಗಿಡದ ಕೊಂಬೆಯನ್ನು ಆ ತೂತಿನಲ್ಲಿ ನೆಟ್ಟರು. ಕೊಂಬೆ ಒಣಗಿದ ಮೇಲೆ ಕಾಲು ಮುರಿದ ಪ್ಲಾಸ್ಟಿಕ್ ಕುರ್ಚಿ ಬಂತು. ಮಳೆಗಾಲದಲ್ಲಿ ಕುರ್ಚಿ ತೇಲಿಹೋಯಿತು; ಅದರ ಜಾಗಕ್ಕೆ ಡಾಮರಿನ ಖಾಲಿ ಡ್ರಮ್ಮು ಬಂದು ಕುಳಿತಿತು. ನಾನು ಮಹಾನಗರ ಪಾಲಿಕೆಗೆ ಮೂರು ಬಾರಿ ದೂರು ದಾಖಲಿಸಿದೆ. ಮೂರು ಬಾರಿಯೂ ಕೆಲವು ದಿನಗಳ ನಂತರ, ದೂರನ್ನು ಪರಿಹರಿಸಿ ಮುಕ್ತಾಯಗೊಳಿಸಲಾಗಿದೆ ಎಂಬ ಸಂದೇಶ ನನ್ನ ಮೊಬೈಲಿಗೆ ಬಂತು. ಸಂದೇಶವನ್ನು ಓದಿ ಕಿಟಕಿಯಿಂದ ನೋಡಿದರೆ ಡ್ರಮ್ಮು ಅಲ್ಲಿಯೇ ಇರುತ್ತಿತ್ತು. ಎರಡನೆಯ ಬಾರಿ ಸಿಟ್ಟು ಬಂದದ್ದು ನಿಜ, ಮೂರನೆಯ ಬಾರಿ ಮಾತ್ರ ಕುತೂಹಲ ಹುಟ್ಟಿತು. ಈ ರಸ್ತೆಯಲ್ಲಿ ದಿನವೂ ನಡೆದಾಡುವ ಉಳಿದವರು ಇದನ್ನೆಲ್ಲ ಹೇಗೆ ನೋಡುತ್ತಾರೆ ಎಂದು ತಿಳಿಯುವ ಆಸೆಯಿಂದ, ಆ ಮಳೆಗಾಲದುದ್ದಕ್ಕೂ ಕಂಡವರನ್ನೆಲ್ಲ ಮಾತಿಗೆಳೆದು, ಅವರು ಹೇಳಿದ್ದನ್ನು ಮನೆಗೆ ಬಂದು ಬರೆದಿಟ್ಟುಕೊಳ್ಳುತ್ತಿದ್ದೆ.

ಎಲ್ಲರಿಗಿಂತ ಹೆಚ್ಚು ಕಲಿಸಿದವರು ಎದುರು ಮನೆಯ ನಿವೃತ್ತ ಮಾಷ್ಟ್ರು. ನಾನು ರಸ್ತೆಯ ಹೊಂಡಗಳ ಬಗ್ಗೆ ಶುರು ಮಾಡುತ್ತಿದ್ದಂತೆಯೇ ಅವರು ಕೈ ಎತ್ತಿ ತಡೆದರು. "ನೋಡಿ, ರಸ್ತೆಯ ಮಾತು ಆಮೇಲೆ. ಮೊದಲು ನೀರು ಎಲ್ಲಿಗೆ ಹೋಗ್ತದೆ ಅಂತ ಕೇಳಿ," ಎಂದರು. ಅವರ ವಾದವನ್ನು ನಾನು ಆಗ ಅರ್ಧ ಒಪ್ಪಿದ್ದೆ, ಈಗ ಪೂರ್ತಿ ಒಪ್ಪುತ್ತೇನೆ. ಈ ಊರಿನಲ್ಲಿ ವರ್ಷಕ್ಕೆ ಸರಾಸರಿ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿದುಹೋಗುತ್ತದೆ. ಕದ್ರಿ, ಬಿಜೈ, ಬಾವುಟಗುಡ್ಡದಂತಹ ಎತ್ತರಗಳಿಂದ ಇಳಿದ ನೀರು ಕೊಟ್ಟಾರ, ಕುದ್ರೋಳಿ, ಅತ್ತಾವರ, ಜೆಪ್ಪಿನಮೊಗರಿನಂತಹ ತಗ್ಗುಗಳಿಗೆ ಬಂದು, ಅಲ್ಲಿಯ ತೋಡುಗಳ ಮೂಲಕ ಫಲ್ಗುಣಿಯನ್ನೋ ನೇತ್ರಾವತಿಯನ್ನೋ ಸೇರಬೇಕು. ದೊಡ್ಡ ಮಳೆಯ ಹೊತ್ತಿಗೇ ಕಡಲಿನಲ್ಲಿ ಭರತವಿದ್ದರೆ ನದಿಯೇ ತೋಡಿನ ಬಾಯಿಯನ್ನು ಮುಚ್ಚಿಬಿಡುತ್ತದೆ. ಆಗ ನೀರು ಬಂದ ದಾರಿಯಲ್ಲೇ ಹಿಂದಕ್ಕೆ ಸರಿದು ಮನೆಯಂಗಳಗಳಿಗೆ ನುಗ್ಗುತ್ತದೆ. ನಮ್ಮ ಹಿರಿಯರು ಮನೆಗಳನ್ನು ಮುರಕಲ್ಲಿನ ಎತ್ತರದ ಜಗಲಿಯ ಮೇಲೆ ಕಟ್ಟಿದ್ದು ಚಂದಕ್ಕಾಗಿ ಮಾತ್ರ ಅಲ್ಲ.

ಮಾಷ್ಟ್ರು 2018ರ ಮೇ 29ನ್ನು ಮರೆತಿಲ್ಲ. ಮುಂಗಾರಿನ ಬಾಗಿಲಲ್ಲೇ ಅಂದು ಬಿದ್ದ ಮಳೆಗೆ ನಗರ ಅರ್ಧ ದಿನದಲ್ಲಿ ಕೆರೆಯಾಗಿತ್ತು. ಆಗ ಎಲ್ಲರ ಬಾಯಲ್ಲೂ ರಾಜಕಾಲುವೆಯ ಒತ್ತುವರಿಯ ಮಾತೇ. ಒತ್ತುವರಿ ಇರುವುದು ನಿಜ, ಆದರೆ ಮಾಷ್ಟ್ರು ತೋರಿಸಿದ ಇನ್ನೊಂದು ಸಂಗತಿ ನನಗೆ ಅದಕ್ಕಿಂತ ಮುಖ್ಯವೆನಿಸಿತು. ನಮ್ಮ ನೆಲದಲ್ಲಿ ಗಟ್ಟಿಯಾದ ಮುರಕಲ್ಲಿನ ಪದರದ ಕೆಳಗೆ ಮೆತ್ತನೆಯ ಶೇಡಿಮಣ್ಣು ಇರುತ್ತದೆ. ಒಣಗಿದ್ದಾಗ ಅದು ಗೋಡೆಯಂತೆ ನಿಲ್ಲುತ್ತದೆ, ನೀರು ಕುಡಿದರೆ ಗಂಜಿಯಂತಾಗುತ್ತದೆ. ಸಮುಚ್ಚಯಕ್ಕೆ ನೆಲಮಾಳಿಗೆ ತೋಡಲೆಂದು ಗುಡ್ಡದ ಬದಿಯನ್ನು ಕಡಿದಾಗ ಮುರಕಲ್ಲಿನ ತೊಗಟೆ ಹರಿದು ಶೇಡಿಮಣ್ಣು ಬಯಲಿಗೆ ಬರುತ್ತದೆ, ಮೊದಲ ಮಳೆಗೇ ಅದು ಕರಗಿ ಹರಿಯುತ್ತದೆ. ನಮ್ಮ ಚರಂಡಿಯಲ್ಲಿ ನಾನು ಕಂಡ ಕೆನೆಬಣ್ಣದ ಹೂಳು ಮೂಲೆಯ ಆ ಅಗೆತದಿಂದಲೇ ಬಂದದ್ದೆಂದು ಅವರು ಕೋಲಿನಿಂದ ಕೆದಕಿ ತೋರಿಸಿದರು. ಮೇ ತಿಂಗಳಿನಲ್ಲಿ ಕೂಲಿಯವರು ಬಂದು ಹೂಳು ಎತ್ತಿದ್ದೂ ಹೌದು, ಆದರೆ ಎತ್ತಿದ ಹೂಳನ್ನು ಚರಂಡಿಯ ದಡದಲ್ಲೇ ಗುಪ್ಪೆ ಹಾಕಿ ಹೋದರು. ಅದನ್ನು ಒಯ್ಯುವ ಲಾರಿ ಬರುವ ಮೊದಲೇ ಮಳೆ ಬಂತು. ಹೂಳು ತನ್ನ ಮನೆಗೆ ತಾನೇ ವಾಪಸಾಯಿತು.

ತಿರುವಿನ ಆಚೆಯ ರಿಕ್ಷಾ ಪಾರ್ಕಿನಲ್ಲಿ ನಿಲ್ಲುವ ಚಾಲಕರೊಬ್ಬರ ದೃಷ್ಟಿ ಬೇರೆ. ಅವರ ಪ್ರಕಾರ ಹೊಂಡ ದೊಡ್ಡ ಶತ್ರುವೇ ಅಲ್ಲ. "ಹೊಂಡ ಕಂಡರೆ ತಪ್ಪಿಸಬಹುದು ಮಾರಾಯ್ರೇ, ಕಾಂಕ್ರೀಟಿನ ಅಂಚು ರಾತ್ರಿ ಕಾಣುವುದೇ ಇಲ್ಲ," ಎಂದರು. ಡಾಮರು ಮತ್ತು ನೀರಿನ ವೈರ ಇಲ್ಲಿ ಎಲ್ಲರಿಗೂ ಗೊತ್ತಿರುವುದೇ. ಜಲ್ಲಿಯನ್ನು ಹಿಡಿದಿಟ್ಟ ಅಂಟು ನೀರು ನಿಂತಲ್ಲಿ ಬಿಡುತ್ತದೆ. ಬಿರುಕಿನೊಳಗೆ ಇಳಿದ ನೀರನ್ನು ಗಾಲಿ ಒತ್ತಿದಾಗಲೆಲ್ಲ ಅದು ಅಡಿಯ ಮಣ್ಣನ್ನು ಕಲಸಿ ಮೇಲಕ್ಕೆ ಚಿಮ್ಮಿಸುತ್ತದೆ. ಅಂಗೈ ಅಗಲದ ಹೊಂಡ ವಾರ ಕಳೆಯುವುದರೊಳಗೆ ಬುಟ್ಟಿಯಷ್ಟಾಗುತ್ತದೆ. ಆದ್ದರಿಂದಲೇ ನಗರದ ಮುಖ್ಯ ರಸ್ತೆಗಳನ್ನೂ ಅನೇಕ ಒಳರಸ್ತೆಗಳನ್ನೂ ಕಾಂಕ್ರೀಟಿಗೆ ಬದಲಾಯಿಸಲಾಯಿತು. ಆ ನಿರ್ಧಾರವನ್ನು ನಾನು ತಪ್ಪೆನ್ನಲಾರೆ. ಆದರೆ ಕಾಂಕ್ರೀಟು ಹಾಕಿದ ಮೇಲೆ ಅದರ ಬದಿಗೆ ಮಣ್ಣು ತುಂಬಿ ಸಮ ಮಾಡುವ ಕೆಲಸ ಅನೇಕ ಕಡೆ ಉಳಿದುಹೋಗಿದೆ. ಗೇಣುದ್ದದ ಆ ಅಂಚಿನಿಂದ ಗಾಲಿ ಜಾರಿದರೆ ಸ್ಕೂಟರು ಮತ್ತೆ ಮೇಲೆ ಹತ್ತದು, ಸವಾರ ಮಗುಚಿಕೊಳ್ಳುತ್ತಾನೆ. ಕಾಂಕ್ರೀಟಿನ ಅಡಿಯಲ್ಲಿ ಕೊಳವೆ, ಕೇಬಲ್ ಹಾದುಹೋಗಲು ಮೊದಲೇ ದಾರಿ ಬಿಡದ ಕಾರಣ, ಕುಡಿಯುವ ನೀರಿನವರು ಬಂದಾಗ ಒಮ್ಮೆ, ಅನಿಲದ ಕೊಳವೆಯವರು ಬಂದಾಗ ಒಮ್ಮೆ, ಕೇಬಲಿನವರು ಬಂದಾಗ ಮತ್ತೊಮ್ಮೆ ರಸ್ತೆಯನ್ನು ಕತ್ತರಿಸಬೇಕಾಗುತ್ತದೆ. ಕತ್ತರಿಸಿದ ಗಾಯಕ್ಕೆ ಹಾಕುವ ತೇಪೆ ಅಕ್ಕಪಕ್ಕದ ಕಾಂಕ್ರೀಟಿನ ಜೊತೆ ಎಂದೂ ಕೂಡಿಕೊಳ್ಳುವುದಿಲ್ಲ. ಚಾಲಕರು ತಮ್ಮ ರಿಕ್ಷಾದ ಮುಂದಿನ ಗಾಲಿಯನ್ನು ತಟ್ಟಿ, ಅದರ ಬೇರಿಂಗನ್ನು ಮಳೆಗಾಲ ಮುಗಿಯುವುದರೊಳಗೆ ಎರಡು ಸಲ ಬದಲಾಯಿಸಿದ್ದಾಗಿ ಹೇಳಿದರು.

ಅದೇ ಕಾಂಕ್ರೀಟಿನ ಬಗ್ಗೆ ಮುಖ್ಯರಸ್ತೆಯ ಜಿನಸಿನಂಗಡಿಯವರ ದೂರು ಇನ್ನೊಂದು ಬಗೆಯದು. ಹಳೆಯ ಡಾಮರನ್ನು ಕೆತ್ತಿ ತೆಗೆಯದೆ ಅದರ ಮೇಲೆಯೇ ಹೊಸ ಪದರ ಬಂದು, ಅವರ ಅಂಗಡಿಯ ಹೊಸ್ತಿಲು ರಸ್ತೆಗಿಂತ ಅರ್ಧ ಅಡಿ ಕೆಳಗಾಗಿದೆ. ಹಿಂದೆ ಅವರು ಎರಡು ಮೆಟ್ಟಿಲು ಇಳಿದು ರಸ್ತೆಗೆ ಬರುತ್ತಿದ್ದರು, ಈಗ ಗಿರಾಕಿಗಳು ರಸ್ತೆಯಿಂದ ಅಂಗಡಿಗೆ ಇಳಿಯುತ್ತಾರೆ. ಜೂನ್ ಒಂದರಂದು ಅಕ್ಕಿಮೂಟೆಗಳನ್ನು ಮರದ ಹಲಗೆಯ ಮೇಲೆ ಏರಿಸುವುದು, ಬಾಗಿಲಿಗೆ ಅಡ್ಡವಾಗಿ ಮರಳುಚೀಲ ಇಡುವುದು ಅವರ ವಾರ್ಷಿಕ ಕ್ರಮವಾಗಿಬಿಟ್ಟಿದೆ. ಏಪ್ರಿಲಿನೊಳಗೆ ಆಸ್ತಿ ತೆರಿಗೆ ಕಟ್ಟಿದವರಿಗೆ ಸಿಗುವ ಶೇಕಡಾ 5ರ ರಿಯಾಯಿತಿಯನ್ನು ಅವರು ಒಂದು ವರ್ಷವೂ ಬಿಟ್ಟವರಲ್ಲ. "ಆ ಐದು ಪರ್ಸೆಂಟು ಮರಳುಚೀಲಕ್ಕೆ ಸರಿಯಾಗ್ತದೆ," ಎಂದು ನಕ್ಕರು.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳದಿದ್ದರೆ ಅನ್ಯಾಯವಾದೀತು. ಹತ್ತು ವರ್ಷಗಳ ಹಿಂದೆ ನಾವು ಅಂಗಳಕ್ಕೆಲ್ಲ ಇಂಟರ್‌ಲಾಕ್ ಹಾಸಿದೆವು, ಮಾಡಿನ ನೀರನ್ನು ಕೊಳವೆಯಲ್ಲಿ ತಂದು ನೇರವಾಗಿ ರಸ್ತೆಗೆ ಬಿಟ್ಟೆವು. ಅದಕ್ಕೆ ಮೊದಲು ಅಂಗಳದ ಮಣ್ಣು ಮತ್ತು ಮೂರು ತೆಂಗಿನ ಬುಡಗಳು ಕುಡಿಯುತ್ತಿದ್ದ ನೀರು, ಈಗ ಸೇರುವುದು ಆ ಮುರಿದ ಚಪ್ಪಡಿಯ ಚರಂಡಿಯನ್ನೇ. ನೆರೆಹೊರೆಯ ಕೆಲವರು ನನಗಿಂತ ಒಂದು ಹೆಜ್ಜೆ ಮುಂದೆ ಹೋಗಿ ಮಳೆನೀರಿನ ಕೊಳವೆಯನ್ನು ಒಳಚರಂಡಿಯ ಗುಂಡಿಗೇ ಜೋಡಿಸಿದ್ದಾರೆ. ಶೌಚದ ನೀರಿಗೆಂದು ಲೆಕ್ಕ ಹಾಕಿ ಇಟ್ಟ ಕೊಳವೆಗೆ ಆಕಾಶದ ನೀರನ್ನು ತುರುಕಿದರೆ ಅದು ಎಲ್ಲಾದರೂ ಉಕ್ಕಲೇಬೇಕಲ್ಲ, ತಗ್ಗಿನ ಮ್ಯಾನ್‌ಹೋಲುಗಳಲ್ಲಿ ಉಕ್ಕುತ್ತದೆ. ಜುಲೈ ತಿಂಗಳಲ್ಲಿ ನಮ್ಮ ರಸ್ತೆಯ ಕೆಳತುದಿಯಲ್ಲಿ ಮೂಗು ಮುಚ್ಚಿಕೊಂಡು ನಡೆಯುವ ನಮಗೆ ಅದರ ಮೂಲ ಮೇಲ್ತುದಿಯ ನಮ್ಮದೇ ಮನೆಗಳಲ್ಲಿದೆ ಎಂದು ಒಪ್ಪಿಕೊಳ್ಳುವುದು ಕಷ್ಟ. ಮಾಷ್ಟ್ರ ಮನೆಯ ಮಾಡಿನ ನೀರು ಅವರ ಬಾವಿಗೇ ಹೋಗುತ್ತದೆ. ಆ ಕಾರಣಕ್ಕೆ ಈ ವಿಷಯದಲ್ಲಿ ಗಟ್ಟಿಯಾಗಿ ಮಾತಾಡುವ ಅಧಿಕಾರ ನಮ್ಮ ರಸ್ತೆಯಲ್ಲಿ ಅವರೊಬ್ಬರಿಗೇ ಇದೆ.

ಬೆಳಿಗ್ಗೆ ಎಂಟರ ಸುಮಾರಿಗೆ ಬುಟ್ಟಿ ಹೊತ್ತು ಬರುವ ಮೀನಿನ ಅಕ್ಕನಿಗೆ ಮುರಿದ ಚಪ್ಪಡಿ ಎಲ್ಲರಿಗಿಂತ ದೊಡ್ಡ ಅಪಾಯ, ಏಕೆಂದರೆ ತಲೆಯ ಮೇಲೆ ಭಾರವಿದ್ದಾಗ ಕಾಲಿನ ಕೆಳಗೆ ನೋಡಲಾಗುವುದಿಲ್ಲ. ಆದರೂ ಆಕೆ ಚಪ್ಪಡಿಯ ಬಗ್ಗೆ ಏನೂ ಹೇಳಲಿಲ್ಲ, ಮೀನಿನ ಲಾರಿಗಳ ಬಗ್ಗೆ ಹೇಳಿದರು. ಮೀನುಗಾರಿಕಾ ದಕ್ಕೆಯಿಂದ ಹೊರಡುವ ಲಾರಿಗಳಲ್ಲಿ ಮಂಜುಗಡ್ಡೆ ಕರಗಿ, ಮೀನಿನ ರಕ್ತ, ಪೊರೆ, ಉಪ್ಪು ಸೇರಿದ ನೀರು ರಸ್ತೆಯುದ್ದಕ್ಕೂ ಸೋರುತ್ತದೆ. ಅದನ್ನು ಲಾರಿಯಲ್ಲೇ ಟ್ಯಾಂಕಿನಲ್ಲಿ ಹಿಡಿದಿಡಬೇಕೆಂಬ ಸೂಚನೆಗಳು ಆಗಾಗ ಹೊರಡುತ್ತಲೇ ಇರುತ್ತವೆ. ಟ್ಯಾಂಕು ಇದ್ದರೂ ತಿರುವಿನಲ್ಲಿ ಅದರ ನಲ್ಲಿಯನ್ನು ತೆರೆದುಬಿಡುವವರಿದ್ದಾರೆ. ಎರಡು ವರ್ಷಗಳ ಹಿಂದೆ ಹೆದ್ದಾರಿಯಲ್ಲಿ ಅಂತಹ ನೀರಿನ ಮೇಲೆ ನನ್ನ ಸ್ಕೂಟರು ಒಂದು ಕ್ಷಣ ತನ್ನಷ್ಟಕ್ಕೆ ತಾನೇ ಅಡ್ಡ ಸರಿದ ಅನುಭವ ನನಗಿದೆ. ಬೀಳಲಿಲ್ಲ, ಆದರೆ ಬಟ್ಟೆಯ ವಾಸನೆ ಮೂರು ಒಗೆತಕ್ಕೂ ಹೋಗಲಿಲ್ಲ. ಕರಾವಳಿಯವರಿಗೆ ಮೀನಿನ ವಾಸನೆ ಅಸಹ್ಯವೇನಲ್ಲ. "ಅಕ್ಕಾ, ನಾನು ನಲ್ವತ್ತು ವರ್ಷ ಮೀನು ಮಾರಿದವಳು, ನನಗೇ ಆ ನೀರು ಆಗುವುದಿಲ್ಲ," ಎಂದರು ಆಕೆ.

ಕಸದ ವಿಷಯದಲ್ಲಿ ಜನರ ಅಭಿಪ್ರಾಯ ಒಡೆದುಹೋಗುತ್ತದೆ. ನಮ್ಮ ರಸ್ತೆಯ ಕೆಳಗೆ ವಾರಸುದಾರರು ಯಾರೆಂದು ತಿಳಿಯದ ಒಂದು ಖಾಲಿ ನಿವೇಶನವಿದೆ. ಅಲ್ಲಿ ಸಿಯಾಳದ ಚಿಪ್ಪು, ಬಾಟಲಿ, ಹರಿದ ಹಾಸಿಗೆ, ಮದುವೆಯ ಊಟದ ಎಲೆ ಎಲ್ಲವೂ ಬೀಳುತ್ತವೆ. ಸ್ವಂತ ಮನೆಯವರು ಬಾಡಿಗೆಯ ಹುಡುಗರನ್ನು ದೂರುತ್ತಾರೆ. ನರ್ಸಿಂಗ್ ಓದುವ ಆ ಹುಡುಗರು, ಬೆಳಗಿನ ಪಾಳಿಗೆ ಆರಕ್ಕೆ ಹೊರಟರೆ ಎಂಟಕ್ಕೆ ಬರುವ ಗಾಡಿಗೆ ಕಸ ಕೊಡುವವರು ಯಾರು ಎಂದು ಕೇಳುತ್ತಾರೆ. ಅವರ ಪ್ರಶ್ನೆಯಲ್ಲಿ ನ್ಯಾಯವಿದೆ. ಗಾಡಿಯ ಜೊತೆ ಬರುವ ಬಾಗಲಕೋಟೆ ಕಡೆಯ ಹೆಣ್ಣುಮಗಳು ಇಬ್ಬರನ್ನೂ ಬಿಡಲಿಲ್ಲ. "ರಾತ್ರಿ ಎಂಟಕ್ಕ ಸ್ಕೂಟರ್ ಮ್ಯಾಲ ಬಂದು ಒಗದು ಹೋಗ್ತಾರ್ರೀ ಅಕ್ಕಾರ. ಹಸಿ ಕಸದಾಗ ಒಡದ ಗಾಜು ಹಾಕ್ತಾರ. ನನ್ನ ಕೈ ನೋಡ್ರಿ," ಎಂದು ಕೈಗವಸು ತೆಗೆದು ಹೆಬ್ಬೆರಳಿನ ಬುಡದಲ್ಲಿದ್ದ ಉದ್ದನೆಯ ಗೀರನ್ನು ತೋರಿಸಿದಳು. ಆ ಗಾಡಿಯ ಕಸ ಕೊನೆಗೆ ಎಲ್ಲಿಗೆ ಹೋಗುತ್ತದೆ ಎಂಬುದನ್ನು ನಾವು 2019ರ ಆಗಸ್ಟ್‌ವರೆಗೆ ಯೋಚಿಸಿಯೇ ಇರಲಿಲ್ಲ. ಆ ತಿಂಗಳ ಮಳೆಗೆ ಪಚ್ಚನಾಡಿಯ ತ್ಯಾಜ್ಯದ ಗುಡ್ಡ ಜಾರಿ, ಕೆಳಗಿನ ಮಂದಾರದ ತೆಂಗು ಕಂಗಿನ ತೋಟಗಳನ್ನು ಮುಚ್ಚಿತು, ಅಲ್ಲಿಯ ಕುಟುಂಬಗಳು ಮನೆ ಬಿಟ್ಟು ಹೋಗಬೇಕಾಯಿತು. ಮಂದಾರದವರು ಎಸೆದ ಕಸವಲ್ಲ ಅದು, ಉರ್ವ, ಕದ್ರಿ, ಹಂಪನಕಟ್ಟೆಯವರು ಎಸೆದದ್ದು.

ಆ ಗುಡ್ಡ ಜಾರಿದಾಗ ನಗರಕ್ಕೆ ಚುನಾಯಿತ ಮಂಡಳಿ ಇರಲಿಲ್ಲ; ಚುನಾವಣೆ ನಡೆದದ್ದು ಅದೇ ವರ್ಷದ ನವೆಂಬರಿನಲ್ಲಿ. ಆಗ ಆಯ್ಕೆಯಾದವರ ಅವಧಿ 2025ರ ಫೆಬ್ರವರಿಯಲ್ಲಿ ಮುಗಿಯಿತು. ಆ ವರ್ಷ ಮುಂಗಾರು ಮೇ ತಿಂಗಳು ಕಳೆಯುವ ಮೊದಲೇ ಬಂದಿತು, ನಗರದ 60 ವಾರ್ಡುಗಳೂ ಅದನ್ನು ಸದಸ್ಯರಿಲ್ಲದೆ ಎದುರಿಸಿದವು. ಅಧಿಕಾರಿಗಳು ಇದ್ದಾರಲ್ಲ, ಕೆಲಸ ನಡೆಯುತ್ತದಲ್ಲ ಎಂದು ಹೇಳುವವರಿದ್ದಾರೆ. ದೊಡ್ಡ ಕೆಲಸಗಳು ನಡೆಯಬಹುದು. ಆದರೆ ಒಂದು ಚಪ್ಪಡಿಯ ವಿಷಯವನ್ನು, ಮದುವೆಮನೆಯಲ್ಲೋ ದೇವಸ್ಥಾನದ ಅಂಗಳದಲ್ಲೋ ಹಿಡಿದು ನಿಲ್ಲಿಸಿ ಹೇಳಬಹುದಾದ ವ್ಯಕ್ತಿ ಎಂದರೆ ವಾರ್ಡಿನ ಕಾರ್ಪೊರೇಟರ್ ಒಬ್ಬರೇ. ಅವರು ಮಾಡಿಯೇ ಬಿಡುತ್ತಾರೆ ಎಂದಲ್ಲ, ಮುಖ ತಪ್ಪಿಸಿಕೊಂಡು ತಿರುಗುವುದಕ್ಕಂತೂ ಅವರಿಗೆ ಆಗುವುದಿಲ್ಲ. ಕರ್ನಾಟಕದ ಮಹಾನಗರ ಪಾಲಿಕೆಗಳ ಕಾಯ್ದೆಯಲ್ಲಿ ವಾರ್ಡ್ ಸಮಿತಿಗೆ ಅವಕಾಶವಿದೆ. ಇಲ್ಲಿಯ ನಾಗರಿಕರು ಬಹಳ ಕಾಲ ಒತ್ತಾಯಿಸಿದ ಮೇಲೆ ಅಂತಹ ಸಮಿತಿಗಳು ರಚನೆಯೂ ಆದವು. ನಮ್ಮ ರಸ್ತೆಯಲ್ಲಿ ನಾನು ಕೇಳಿದ ಹದಿನಾಲ್ಕು ಮಂದಿಯಲ್ಲಿ ಅಂಥದ್ದೊಂದು ಸಮಿತಿ ಇತ್ತೆಂದು ತಿಳಿದಿದ್ದವರು ಇಬ್ಬರು. ಸಭೆಗೆ ಹೋಗಿದ್ದವರು ಮಾಷ್ಟ್ರು ಮಾತ್ರ, ಅದೂ ಒಂದೇ ಸಲ.

ಎಲ್ಲರೂ ಅತೃಪ್ತರು ಎಂದು ಬರೆದರೆ ಸುಳ್ಳಾಗುತ್ತದೆ. ಜಿನಸಿನಂಗಡಿಯವರ ಮಗ ಹೊಸ ಉದ್ಯಾನಗಳನ್ನೂ, ಬೆಳಕು ಹಾಕಿದ ವೃತ್ತಗಳನ್ನೂ ಹೆಮ್ಮೆಯಿಂದ ತೋರಿಸುತ್ತಾನೆ. 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಯಲ್ಲಿ ಊರಿನ ಹೆಸರು ಬಂದಾಗ ನಾನೂ ಸಂತೋಷಪಟ್ಟವಳೇ. ಪಂಪ್‌ವೆಲ್ ಮೇಲ್ಸೇತುವೆ ಹತ್ತು ವರ್ಷ ಎಳೆದಾಡಿ 2020ರ ಜನವರಿಯಲ್ಲಿ ಕೊನೆಗೂ ತೆರೆದಾಗ ಊರಿಗೆ ಊರೇ ನಿಟ್ಟುಸಿರು ಬಿಟ್ಟಿತ್ತು, ಅದರ ಬಗ್ಗೆ ಹುಟ್ಟಿದ್ದ ನಗೆಹನಿಗಳ ನೆನಪು ಇನ್ನೂ ಹಸಿಯಾಗಿದೆ. ರಾಮಕೃಷ್ಣ ಮಠದವರು ವರ್ಷಗಟ್ಟಲೆ ಭಾನುವಾರದ ಬೆಳಿಗ್ಗೆ ಜನರನ್ನು ಸೇರಿಸಿ ಬೀದಿ ಗುಡಿಸಿದ್ದೂ ಇದೇ ಊರಿನಲ್ಲಿ. ಕಟ್ಟುವುದಕ್ಕೆ ನಮಗೆ ಉತ್ಸಾಹವಿದೆ, ಒಮ್ಮೆ ಗುಡಿಸುವುದಕ್ಕೂ ಇದೆ. ಕಟ್ಟಿದ್ದನ್ನು ಮರುವರ್ಷ ಹೋಗಿ ನೋಡುವವರು ಯಾರು ಎಂಬಲ್ಲಿ ಮಾತ್ರ ಎಲ್ಲರೂ ಇನ್ನೊಬ್ಬರ ಮುಖ ನೋಡುತ್ತಾರೆ.

ನಮಗೆ ಆ ಅಭ್ಯಾಸವೇ ಇರಲಿಲ್ಲವೆಂದಲ್ಲ. ಬಾಸೆಲ್ ಮಿಷನ್ನಿನವರು 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಈ ಜಿಲ್ಲೆಯ ಮನೆಗಳಿಗೆ ಹಂಚಿನ ಮಾಡು ಬಂದಿತು, ಹಂಚಿನ ಮಾಡಿನ ಜೊತೆಗೆ ಅದನ್ನು ನೋಡಿಕೊಳ್ಳುವ ಕ್ರಮವೂ ಬಂದಿತು. ಪತ್ತನಾಜೆ, ಅಂದರೆ ತುಳು ಪಂಚಾಂಗದ ಬೇಶ ತಿಂಗಳ ಹತ್ತನೆಯ ದಿನ, ಭೂತಕೋಲ, ಯಕ್ಷಗಾನದ ಆಟ ಎಲ್ಲವೂ ನಿಲ್ಲುವ ದಿನ. 'ಪತ್ತನಾಜೆಗ್ ಪತ್ತ್ ಪನಿ ಬರ್ಸ' ಎನ್ನುತ್ತಾರೆ ತುಳುವರು. ಅಂದು ಹತ್ತು ಹನಿಯಾದರೂ ಮಳೆ ಬೀಳಲೇಬೇಕಂತೆ. ನನ್ನ ತಂದೆಯ ಕಾಲದಲ್ಲಿ ಆ ದಿನಕ್ಕೆ ಮೊದಲು ಒಬ್ಬ ಆಳು ಮಾಡಿಗೆ ಏರಿ, ಒಡೆದ ಹಂಚುಗಳನ್ನು ಬದಲಾಯಿಸಿ, ಸಂದಿಗಳಲ್ಲಿ ಸೇರಿದ ಮಾವಿನ ಎಲೆಗಳನ್ನು ತೆಗೆದು ಕೆಳಗಿಳಿಯುತ್ತಿದ್ದ. ಸೌದೆ ಕೊಟ್ಟಿಗೆ ಸೇರುತ್ತಿತ್ತು, ಜಗಲಿಗೆ ಮಡಲಿನ ತಟ್ಟಿ ಬೀಳುತ್ತಿತ್ತು, ಅಂಗಳದ ಕಣಿಯನ್ನು ಗುದ್ದಲಿಯಿಂದ ಕೀಸಿ ಮಣ್ಣನ್ನು ತೆಂಗಿನ ಬುಡಕ್ಕೆ ಹಾಕಲಾಗುತ್ತಿತ್ತು. ದಡದಲ್ಲಿ ಬಿಡುತ್ತಿರಲಿಲ್ಲ. ಇದಕ್ಕೆ ಯಾರೂ ಉದ್ಘಾಟನೆ ಮಾಡುತ್ತಿರಲಿಲ್ಲ. ಹೆಚ್ಚುವರಿ ಹಂಚುಗಳ ಒಂದು ಸಾಲು ಹಿತ್ತಿಲಿನ ಗೋಡೆಗೆ ಒರಗಿಕೊಂಡು ವರ್ಷವಿಡೀ ಕಾಯುತ್ತಿತ್ತು.

ನಮ್ಮ ಚಪ್ಪಡಿ ಈ ವರ್ಷದ ಏಪ್ರಿಲಿನಲ್ಲಿ, ಮುರಿದು ಹದಿಮೂರು ತಿಂಗಳಾದ ಮೇಲೆ ಬಂತು. ಯಾವ ದೂರಿನಿಂದ ಬಂತೋ ಗೊತ್ತಾಗಲಿಲ್ಲ. ಒಂದು ಮಧ್ಯಾಹ್ನ ಪಿಕಪ್ ವಾಹನದಲ್ಲಿ ನಾಲ್ವರು ಬಂದು, ಡ್ರಮ್ಮನ್ನು ಬದಿಗೆ ಉರುಳಿಸಿ, ಹೊಸ ಚಪ್ಪಡಿಯನ್ನು ಇಳಿಸಿ, ಫೋಟೊ ತೆಗೆದುಕೊಂಡು ಹೋದರು. ಚರಂಡಿಯ ಗೋಡೆಯ ತಲೆ ಸಮನಾಗಿರಲಿಲ್ಲ, ಆದ್ದರಿಂದ ಚಪ್ಪಡಿ ಮೂರೇ ಕಡೆ ಕುಳಿತಿತ್ತು. ವಾಹನ ಹತ್ತಿದಾಗಲೆಲ್ಲ ಅದು ಡಬಕ್ ಎಂದು ಕುಟ್ಟುತ್ತಿತ್ತು. ಬೆಳಗ್ಗೆ ಐದಕ್ಕೆ ಹಾಲಿನ ಗಾಡಿ, ಆರಕ್ಕೆ ಪತ್ರಿಕೆಯವನು, ಎಂಟಕ್ಕೆ ಕಸದ ಗಾಡಿ: ಮಲಗಿದಲ್ಲಿಂದಲೇ ಬಂದವರು ಯಾರೆಂದು ಹೇಳಬಹುದಾಗಿತ್ತು. ಒಂದು ವಾರ ಇದನ್ನು ಕೇಳಿದ ಮಾಷ್ಟ್ರು ಒಂದು ಸಂಜೆ ಹಿತ್ತಿಲಿನಿಂದ ಹಳೆಯ ಹಂಚೊಂದನ್ನು ತಂದು, ಕಲ್ಲಿನಿಂದ ಒಡೆದು, ಸರಿಯಾದ ದಪ್ಪದ ಚೂರನ್ನು ಆರಿಸಿ ಚಪ್ಪಡಿಯ ಎತ್ತಿದ ಮೂಲೆಯ ಅಡಿಗೆ ತೂರಿಸಿದರು. ನಾನು ಕಬ್ಬಿಣದ ಹಾರೆಯಿಂದ ಅತ್ತ ಕಡೆ ಎತ್ತಿ ಹಿಡಿದಿದ್ದೆ. ಮರುದಿನ ಬೆಳಗ್ಗೆ ಹಾಲಿನ ಗಾಡಿ ಬಂದದ್ದು ನನಗೆ ಗೊತ್ತಾಗಲಿಲ್ಲ.